ಬಾಗಿಲು ಕೂರುತ್ತಿಲ್ಲವೇ? ಮೊದಲು ಗಾಡಿಯ ಮೈ ನೋಡಿ

1968ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ರೇ ಒಲೆಕೊ ಎಂಬವರು ಕಾರಿನ ಹಿಂದೆ ಕಟ್ಟಿ ಎಳೆಯುವ ಒಂದು ಪುಟ್ಟ ಪ್ರವಾಸಿ ಟ್ರೇಲರ್ ಹೊರತಂದರು. ಹೆಸರು ಬೋಲರ್, ಉದ್ದ 13 ಅಡಿ. ನೋಡಲು ದುಂಡನೆಯ ಬೌಲರ್ ಟೋಪಿಯ ಹಾಗಿತ್ತು, ಹೆಸರು ಬಂದದ್ದೂ ಅಲ್ಲಿಂದಲೇ. ಅಚ್ಚಿನಿಂದ ತೆಗೆದ ಫೈಬರ್‌ಗ್ಲಾಸಿನ ಎರಡು ಚಿಪ್ಪುಗಳನ್ನು ಒಂದರ ಮೇಲೊಂದು ಕೂಡಿಸಿದರೆ ಮನೆಯೇ ಸಿದ್ಧ. ಇಂಥ ಗಾಡಿಗಳು 50 ವರ್ಷ ದಾಟಿದರೂ ಅಲ್ಲಿ ಇನ್ನೂ ಓಡುತ್ತಿವೆ. ಆದರೆ ಬಾಗಿಲು ಆಗಾಗ ಕೈಕೊಡುತ್ತದೆ.

ಗಾಡಿಯ ಮೈಗೆ ಇರುವ ಬಾಗು ಬಾಗಿಲಿಗೂ ಇರಬೇಕು. ವರ್ಷ ಕಳೆದಂತೆ ಅದರ ಒಂದು ಮೂಲೆ ಹೊರಗೆ ಚಾಚಿ, ಬೆರಳು ತೂರುವಷ್ಟು ಸಂದು ಬೀಳುತ್ತದೆ. ನಮ್ಮ ಮನೆಯ ಮರದ ಬಾಗಿಲು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಅಲ್ವಾ? ಫೈಬರ್‌ಗ್ಲಾಸ್ ಹಾಗೆ ಉಬ್ಬುವುದಿಲ್ಲ. ಗಾಜಿನ ಎಳೆಗಳನ್ನು ಹಿಡಿದಿರುವ ರೆಸಿನ್ ಒಂದು ಬಗೆಯ ಪ್ಲಾಸ್ಟಿಕ್. ಭಾರ ಸಣ್ಣದಾದರೂ ಎಡೆಬಿಡದೆ ಬಿದ್ದರೆ ಅದು ನಿಧಾನವಾಗಿ ಬಾಗುತ್ತದೆ. ಇದಕ್ಕೆ ಕ್ರೀಪ್ ಎನ್ನುತ್ತಾರೆ.

ಆದ್ದರಿಂದ ಬಾಗಿಲನ್ನು ಬಗ್ಗಿಸಲು ಹೋಗುವ ಮುಂಚೆ, ಬಾಗಿದ್ದು ಬಾಗಿಲೋ ಗಾಡಿಯೋ ಎಂದು ನೋಡಬೇಕು. ಎಷ್ಟೋ ಜನ ಜಾಗ ಜಾಸ್ತಿ ಆಗಲಿ ಅಂತ ಒಳಗಿನ ಕಪಾಟು ಕಿತ್ತುಹಾಕುತ್ತಾರೆ. ಆ ಕಪಾಟು ಸುಮ್ನೆ ಬಟ್ಟೆ ಇಡಲು ಮಾತ್ರ ಇದ್ದದ್ದಲ್ಲ, ಚಾವಣಿಗೆ ಅದೇ ಆಸರೆ. ಅದು ಹೋದರೆ ಚಾವಣಿ ಕುಸಿಯುತ್ತದೆ, ಬಾಗಿಲಿನ ಚೌಕಟ್ಟು ಆಕಾರ ಕೆಡುತ್ತದೆ. ಗಾಡಿಯ ಮುಂಭಾಗದಲ್ಲಿ ಚಾಸಿ, ಅಂದರೆ ಅಡಿಯ ಲೋಹದ ಚೌಕಟ್ಟು, ಬಾಗುವ ಜಾಗದಲ್ಲಿ ಬಿರುಕು ಬಿಟ್ಟಿದ್ದರೂ ಇದೇ ಕಥೆ. ಹಿಂಜನ್ನೂ ಮರೆಯಬೇಡಿ. ತೆರೆದ ಬಾಗಿಲನ್ನು ತುದಿಯಲ್ಲಿ ಹಿಡಿದು ಎತ್ತಿ. ಅದು ಮೇಲೆ ಕೆಳಗೆ ಆಡಿದರೆ ಹಿಂಜಿನ ಪಿನ್ನೋ ಅದರ ಸುತ್ತಲಿನ ಪುಟ್ಟ ಕೊಳವೆಯಾದ ಬುಷ್ಷೋ ಸವೆದಿದೆ.

ಇದೆಲ್ಲ ಸರಿಯಿದ್ದರೆ ಮಾತ್ರ ಬಾಗಿಲಿಗೆ ಕೈ ಹಾಕಿ. ಬೆಣೆ ಕೊಟ್ಟು, ಬಿಸಿ ಮಾಡಿ ಬಗ್ಗಿಸಿದರೆ ಹೆಚ್ಚಾಗಿ ಮತ್ತೆ ಹಳೆಯ ಆಕಾರಕ್ಕೇ ಮರಳುತ್ತದೆ. ಏಕೆಂದರೆ ಒಮ್ಮೆ ಗಟ್ಟಿಯಾದ ಈ ರೆಸಿನ್ ಮೇಣದ ಹಾಗೆ ಕರಗಿ ಹೊಸ ರೂಪ ತಾಳುವುದಿಲ್ಲ. ಇದಕ್ಕೆ ನನಗೆ ತುಂಬಾ ಹಿಡಿಸಿದ ಉಪಾಯವೆಂದರೆ ಗಾಡಿಯನ್ನೇ ಅಚ್ಚು ಮಾಡಿಕೊಳ್ಳುವುದು. ಬಾಗಿಲಿನ ಒಳಪದರ ಬಿಚ್ಚಿ, ಕೊಳೆತ ಪ್ಲೈವುಡ್ ತೆಗೆಯಬೇಕು. ಬಾಗಿಲನ್ನು ಅದರ ಜಾಗದಲ್ಲೇ ಕೂರಿಸಿ, ಮೈಗೆ ಅಂಟುವಂತೆ ಪಟ್ಟಿಯಿಂದ ಬಿಗಿಯಬೇಕು. ಆಮೇಲೆ ಒಳಗಿನಿಂದ ಗಾಜಿನ ಬಟ್ಟೆ ಮತ್ತು ಎಪಾಕ್ಸಿಯ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ರೆಸಿನ್) ಹೊಸ ಪದರಗಳನ್ನು ಹಾಕಬೇಕು. ಅವು ಗಟ್ಟಿಯಾದಾಗ ಆ ಬಾಗನ್ನು ಹಿಡಿದಿಡುತ್ತವೆ. ಹಳೆಯ ಮೇಲ್ಮೈಯನ್ನು ಒರಟು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಲೇಬೇಕು. ಗಟ್ಟಿಯಾದ ರೆಸಿನ್ ಹೊಸದರ ಜೊತೆ ಬೆರೆಯುವುದಿಲ್ಲ. ಉಜ್ಜಿದ ಗೀರುಗಳಲ್ಲಿ ಹೊಸದು ಇಳಿದರೇನೇ ಹಿಡಿತ. ಉಜ್ಜುವಾಗ ಮಾಸ್ಕ್ ಇರಲಿ, ಗಾಜಿನ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಹಿಡಿಕೆ ಮುರಿಯುವುದಕ್ಕೂ ಸರಿಯಾಗಿ ಕೂರದ ಬಾಗಿಲು ಎಷ್ಟೋ ಸಲ ಕಾರಣವಾಗುತ್ತದೆ. ದಿನವೂ ಜಗ್ಗಿ ಎಳೆದರೆ ಬೀಗದ ನಾಲಿಗೆ ಉಜ್ಜಿ ಸವೆಯುತ್ತದೆ. ಹಳೆಯ ಹಿಡಿಕೆಗಳಲ್ಲಿ ಹಲವು ಸತುವಿನ ಎರಕದವು. ಆ ಸತುವಿನಲ್ಲಿ ಸೀಸ ಸ್ವಲ್ಪ ಬೆರೆತಿದ್ದರೂ ತೇವದಲ್ಲಿ ಒಳಗೊಳಗೇ ತುಕ್ಕು ತಿಂದು, ಉಬ್ಬಿ, ಬಿರುಕು ಬಿಡುತ್ತದೆ. ಈ ಮಿಶ್ರಲೋಹ ಸುಮಾರು 385 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ವೆಲ್ಡಿಂಗ್ ಬಲು ಕಷ್ಟ. ಹೊಸದು ಹಾಕುವುದೇ ಸರಿ. ಕೊಳ್ಳುವ ಮುಂಚೆ ಬಾಗಿಲಿನ ದಪ್ಪ, ತಿರುಪಿನ ತೂತುಗಳ ನಡುವಿನ ದೂರ, ಹಿಡಿಕೆಯನ್ನು ಬೀಗಕ್ಕೆ ಜೋಡಿಸುವ ಚೌಕದ ಸರಳಿನ ಅಳತೆ ಬರೆದುಕೊಳ್ಳಿ.

ತೂತು ಕೊರೆಯುವುದರಲ್ಲಿ ದೋಣಿ ಕಟ್ಟುವವರ ಒಂದು ಜಾಣತನವಿದೆ. ಮೊದಲು ಬೇಕಾದದ್ದಕ್ಕಿಂತ ದೊಡ್ಡ ತೂತು ಕೊರೆದು ಎಪಾಕ್ಸಿ ತುಂಬುತ್ತಾರೆ. ಅದು ಗಟ್ಟಿಯಾದ ಮೇಲೆ ನಡುವೆ ಸರಿಯಾದ ಅಳತೆಯ ತೂತು ಕೊರೆಯುತ್ತಾರೆ. ತಿರುಪಿನ ಪಕ್ಕದಿಂದ ನೀರು ಬಂದರೂ ಒಳಗಿನ ಮರ ಮುಟ್ಟುವುದಿಲ್ಲ. ತಿರುಪು ಬಿಗಿದಾಗ ಮರ ಜಜ್ಜಿಹೋಗುವುದೂ ಇಲ್ಲ.

ಕೊನೆಗೆ ಹೊಸ ರಬ್ಬರ್ ಪಟ್ಟಿ ಅಂಟಿಸಿ, ಅದರ ಮೇಲೊಂದು ಕಾಗದದ ಚೂರು ಇಟ್ಟು ಬಾಗಿಲು ಮುಚ್ಚಿ ಎಳೆದು ನೋಡಿ. ಸುತ್ತಲೂ ಹೀಗೇ ಮಾಡಿ. ಕಾಗದ ಸಲೀಸಾಗಿ ಜಾರಿ ಬಂದ ಕಡೆ ಮಳೆನೀರು ಒಳಗೆ ಬರುತ್ತದೆ.