ಪೀಸ್ ಲಿಲಿಯ ನಿಜವಾದ ಹೆಸರು, ಮತ್ತು ಅದು ಮಾಡದ ಒಂದು ಕೆಲಸ

ಪ್ರಶ್ನೆ: ಮೇಡಂ, ದಸರಾ ಫಲಪುಷ್ಪ ಪ್ರದರ್ಶನ ನೋಡಿಕೊಂಡು ಬರುವಾಗ ಪೀಸ್ ಲಿಲಿ ತಂದೆವು. ಅದರ ಸಸ್ಯಶಾಸ್ತ್ರೀಯ ಹೆಸರೇನು? ರೂಮಿನ ಗಾಳಿ ಶುದ್ಧ ಮಾಡುತ್ತಂತಲ್ಲ, ಎಷ್ಟು ಕುಂಡ ಇಡಬೇಕು?

ಪ್ರತಿ ವರ್ಷ ಮೈಸೂರಿನ ಕುಪ್ಪಣ್ಣ ಪಾರ್ಕಿನ ಪ್ರದರ್ಶನ ಮುಗಿಯುತ್ತಿದ್ದ ಹಾಗೇ ಈ ಪ್ರಶ್ನೆ ಶುರುವಾಗುತ್ತದೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ, ಇನ್ನು ಕೇಳಿದವರಿಗೆಲ್ಲ ಇದನ್ನೇ ಕೊಡುತ್ತೇನೆ.

ಹೆಸರು ಸ್ಪ್ಯಾಥಿಫಿಲಮ್ ವಾಲಿಸಿಯೈ. ಮೊದಲನೆಯದು ಜಾತಿ, ಎರಡನೆಯದು ಪ್ರಭೇದ. ಮೊದಲ ಪದದ ಕೊನೆಯ ಫಿಲಮ್ ಬಂದದ್ದು ಫಿಲ್ಲೋನ್‌ನಿಂದ, ಅಂದರೆ ಗ್ರೀಕ್‌ನಲ್ಲಿ ಎಲೆ. ನೀವು ಹೂವೆಂದುಕೊಂಡಿರುವ ಬಿಳಿ ಹಾಳೆ ಇದೆಯಲ್ಲ, ಅದು ಎಲೆಯೇ. ನಡುವೆ ನಿಂತ ಕೋಲನ್ನು ಭೂತಗನ್ನಡಿಯಲ್ಲಿ ನೋಡಿ. ಅದರ ಮೈಮೇಲೆ ಒತ್ತೊತ್ತಾಗಿ ಕೂತ ಸಣ್ಣ ಸಣ್ಣ ಉಬ್ಬುಗಳು ಕಾಣುತ್ತವೆ, ಒಂದೊಂದೂ ಒಂದು ಹೂವು. ಕೆಳಗಿನ ಎಲೆಯ ಮೇಲೆ ಉದುರುವ ಬಿಳಿ ಪುಡಿ ಅವುಗಳ ಪರಾಗ. ಅದು ರೋಗವಲ್ಲ, ಔಷಧಿ ಹೊಡೆಯಬೇಡಿ. ವಾಲಿಸಿಯೈ ಎನ್ನುವುದು 19ನೇ ಶತಮಾನದಲ್ಲಿ ದಕ್ಷಿಣ ಅಮೆರಿಕದ ಕಾಡು ಸುತ್ತಿ ಗಿಡ ಸಂಗ್ರಹಿಸಿದ ಜರ್ಮನಿಯ ಗುಸ್ತಾವ್ ವಾಲಿಸ್ ಅವರ ನೆನಪಿಗೆ.

ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಪದದ ಮೊದಲಕ್ಷರ ಮಾತ್ರ ದೊಡ್ಡದು. ವ್ಯಕ್ತಿಯ ಹೆಸರಿನಿಂದ ಬಂದಿದ್ದರೂ ಎರಡನೆಯ ಪದ ಚಿಕ್ಕಕ್ಷರದಲ್ಲೇ ಶುರು. ಅಚ್ಚಿನಲ್ಲಿ ಎರಡೂ ಓರೆ ಅಕ್ಷರ, ಕೈಬರಹದಲ್ಲಿ ಎರಡಕ್ಕೂ ಬೇರೆ ಬೇರೆ ಅಡಿಗೆರೆ. ನನ್ನ ಹತ್ತಿರ ಓದಿದ ಮಕ್ಕಳು ಇವತ್ತಿಗೂ ಇದರಲ್ಲಿ ತಪ್ಪುವುದಿಲ್ಲ. ನರ್ಸರಿಗಳಲ್ಲಿ ಸಿಗುವುದು ಹೆಚ್ಚಾಗಿ ಮಿಶ್ರತಳಿ, ಹಾಗಾಗಿ ಚೀಟಿಯಲ್ಲಿ ಬರೀ ಸ್ಪ್ಯಾಥಿಫಿಲಮ್ ಎಂದಿದ್ದರೆ ಅದೂ ಸರಿ.

ಇನ್ನು ಗಾಳಿಯ ಮಾತು. ಇದನ್ನು ದಯವಿಟ್ಟು ನಿಧಾನವಾಗಿ ಓದಿ.

ಈ ನಂಬಿಕೆಗೆ ಮೂಲ ನಾಸಾದ 1989ರ ಒಂದು ವರದಿ. ಬಿ. ಸಿ. ವುಲ್ವರ್ಟನ್ ಮತ್ತು ಜೊತೆಗಾರರು ಗಾಳಿಯಾಡದಂತೆ ಮುಚ್ಚಿದ ಪಾರದರ್ಶಕ ಪೆಟ್ಟಿಗೆಗಳಲ್ಲಿ ಗಿಡ ಇಟ್ಟು, ಒಳಗೆ ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ಅನಿಲ ಬಿಟ್ಟು, ಎಷ್ಟು ಕಡಿಮೆಯಾಯಿತು ಎಂದು ಅಳೆದರು. ಕಡಿಮೆಯಾಯಿತು, ಅದು ಸುಳ್ಳಲ್ಲ. ಆದರೆ ಅವರ ಮನಸ್ಸಿನಲ್ಲಿದ್ದದ್ದು ಕಿಟಕಿಯೇ ಇಲ್ಲದ ಬಾಹ್ಯಾಕಾಶ ನೌಕೆ. ನಿಮ್ಮ ಕುವೆಂಪುನಗರದ ಮನೆಗೆ ಬಾಗಿಲಿದೆ, ಕಿಟಕಿಯಿದೆ, ಬಾಗಿಲ ಸಂದಿಯಿದೆ. ಅಲ್ಲಿಂದ ಗಂಟೆಗಂಟೆಗೂ ಗಾಳಿ ಬದಲಾಗುತ್ತಿರುತ್ತದೆ, ಗಿಡ ಹೀರುವುದಕ್ಕಿಂತ ಎಷ್ಟೋ ಪಟ್ಟು ಬೇಗ.

2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಇಂಥ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದರು. ಕಟ್ಟಡದಲ್ಲಿ ತಾನಾಗೇ ಆಡುವ ಗಾಳಿಯ ಸಮಕ್ಕೆ ಗಿಡಗಳು ಕೆಲಸ ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು. ನಮ್ಮ ಕಡೆಯ 10 ಅಡಿ, 12 ಅಡಿ ರೂಮು ಸುಮಾರು 11 ಚದರ ಮೀಟರ್. ತೀರಾ ಕಡಿಮೆ ಹಿಡಿದರೂ 110 ಕುಂಡ! ಮಂಚ ಎಲ್ಲಿ ಹಾಕುತ್ತೀರಿ?

ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಸರಸ್ವತಿಪುರಂನಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ವಯಸ್ಸಾದ ತಾಯಿಗೆ ಉಬ್ಬಸ. ದೇವರ ಮನೆಯಲ್ಲಿ ಹೊತ್ತಿಸಿದ ಊದುಬತ್ತಿಯ ಹೊಗೆ ಅವರ ರೂಮಿಗೂ ಬಂದು ನಿಂತಿತ್ತು. ಕಿಟಕಿಗೆ ಚಿಲಕ. ಮೂಲೆಯಲ್ಲಿ ಎರಡು ಪೀಸ್ ಲಿಲಿ. "ಗಿಡ ಇದೆಯಲ್ಲ ಆಂಟಿ, ಹೊಗೆ ಎಳ್ಕೊಳ್ಳುತ್ತೆ" ಅಂದಳು ಸೊಸೆ. ನಾನೇ ಎದ್ದು ಕಿಟಕಿ ತೆಗೆದೆ. ಊದುಬತ್ತಿಯ ಹೊಗೆಯಲ್ಲಿರುವುದು ಸಣ್ಣ ಕಣಗಳು. ಆ ಪೆಟ್ಟಿಗೆಗಳಲ್ಲಿ ಪರೀಕ್ಷಿಸಿದ್ದು ಅದನ್ನಲ್ಲವೇ ಅಲ್ಲ. ಸ್ವಲ್ಪ ಹೊತ್ತಿನಲ್ಲಿ ಆ ತಾಯಿ ಎದ್ದು ಕೂತು ಕಾಫಿ ಕುಡಿದರು. ಗಿಡ ಇಡಿ, ಚೆನ್ನಾಗಿ ಕಾಣುತ್ತದೆ, ಕಡಿಮೆ ಬೆಳಕಿನಲ್ಲೂ ಬಾಳುತ್ತದೆ. ಆದರೆ ಅದನ್ನು ನಂಬಿ ಕಿಟಕಿ ಮುಚ್ಚಬೇಡಿ.

ಹೆಸರು ಗೊತ್ತಿದ್ದರೆ ಏನು ಉಪಯೋಗ ಎನ್ನುವವರಿಗೆ ಒಂದು ಮಾತು. ಇದು ಲಿಲಿಯಲ್ಲ, ಕೆಸುವಿನ ಕುಟುಂಬದ್ದು. ಸುವರ್ಣಗೆಡ್ಡೆ, ಆಂಥೂರಿಯಂ ಎಲ್ಲ ಇದರ ನೆಂಟರೇ. ಕೆಸುವಿನ ಸೊಪ್ಪಿಗೆ ಹುಣಸೆಹುಳಿ ಸಾಲದೇ ಹೋದರೆ ಗಂಟಲು ಕೆರೆಯುತ್ತದಲ್ಲ, ಅದೇ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇದರಲ್ಲೂ ಇದೆ. ನೆಂಟಸ್ತಿಕೆ ನೋಡಿ ಇದನ್ನು ಬೇಯಿಸಲು ಹೋಗಬೇಡಿ. ಮಗುವೋ ಬೆಕ್ಕೋ ಕಚ್ಚಿದರೆ ಬಾಯಿ ಉರಿಯುತ್ತದೆ, ಜೊಲ್ಲು ಸುರಿಯುತ್ತದೆ, ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುತ್ತದೆ. ಆದರೆ ಲಿಲಿಯಮ್ ಜಾತಿಯ ನಿಜವಾದ ಲಿಲಿ ಬೆಕ್ಕಿನ ಕಿಡ್ನಿಯನ್ನೇ ಕೆಡಿಸಿ ಪ್ರಾಣ ತೆಗೆಯುತ್ತದೆ. ಪಶುವೈದ್ಯರ ಮುಂದೆ "ಲಿಲಿ ತಿಂದಿದೆ ಸಾರ್" ಎಂದಷ್ಟೇ ಹೇಳಿದರೆ ಅವರು ಯಾವುದೆಂದು ತಿಳಿಯಬೇಕು? ಸ್ಪ್ಯಾಥಿಫಿಲಮ್ ಎನ್ನಿ, ಸಾಧ್ಯವಾದರೆ ಒಂದು ಎಲೆ ಕಿತ್ತುಕೊಂಡು ಹೋಗಿ.

ನೀವು ಕೇಳಲಿಲ್ಲ, ಆದರೆ ಇನ್ನು ಕೆಲವು ವಾರಕ್ಕೆ ಕೇಳುತ್ತೀರಿ: ಬಿಳಿ ಹೂವು ಹಸಿರಾಗುತ್ತಿದೆ, ನೀರು ಹೆಚ್ಚಾಯಿತೇ, ಗೊಬ್ಬರ ಕಡಿಮೆಯಾಯಿತೇ ಎಂದು. ಎರಡೂ ಅಲ್ಲ. ಕೋಲಿನ ಮೇಲಿನ ಹೂಗಳ ಕೆಲಸ ಮುಗಿದಿದೆ. ಅವಕ್ಕೆ ಮರೆಯಾಗಿ ನಿಂತಿದ್ದ ಎಲೆ ಈಗ ಹಸಿರಾಗಿ, ಉಳಿದ ಎಲೆಗಳ ಹಾಗೆ ಬೆಳಕು ಹಿಡಿಯಲು ಶುರು ಮಾಡಿದೆ.