ಶಾಲೆಯ ಹೊತ್ತು, ಬಿಸಿಲಿನ ಹೊತ್ತು

ಮನೆಗೆ ಕರೆಂಟ್ ಜಾಸ್ತಿ ಬೇಕಾಗುವುದು ಕತ್ತಲಾದ ಮೇಲೆ. ಶಾಲೆಗೆ ಬೇಕಾಗುವುದು ಬಿಸಿಲಿರುವಾಗಲೇ. ಕರೆಂಟ್ ಕಂಬ ತಲುಪದ ಊರಿನ ಶಾಲೆಗೆ ಸೋಲಾರ್ ಚೆನ್ನಾಗಿ ಹೊಂದುವುದು ಇದಕ್ಕೇ. ಪ್ಯಾನೆಲ್‌ನಲ್ಲಿ ಹುಟ್ಟಿದ ಕರೆಂಟ್ ಆಗಲೇ ಫ್ಯಾನ್ ತಿರುಗಿಸುತ್ತದೆ. ಕೂಡಿಡಬೇಕಾದದ್ದು ಕಡಿಮೆ.

ಒಂದು ಲೆಕ್ಕ ಹಾಕೋಣ. ನಾಲ್ಕು ಕೋಣೆಯ ಶಾಲೆ. ಕೋಣೆಗೆ ಎರಡು ಫ್ಯಾನ್, ಎರಡು ಎಲ್‌ಇಡಿ ಬಲ್ಬ್. ಜೊತೆಗೆ ಐದು ಲ್ಯಾಪ್‌ಟಾಪ್, ದಿನಕ್ಕೆ ಮೂರು ಗಂಟೆ. ಹಳೇ ಮಾದರಿಯ ಫ್ಯಾನ್ ಒಂದೊಂದೂ ಸುಮಾರು 75 ವ್ಯಾಟ್ ಎಳೆಯುತ್ತದೆ. ಆರು ಗಂಟೆ ತಿರುಗಿದರೆ ಎಂಟು ಫ್ಯಾನಿಗೇ 3.6 ಯೂನಿಟ್! ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್‌ಗೆ 30 ವ್ಯಾಟ್ ಸಾಕು. ಆಗ ಬಲ್ಬು, ಲ್ಯಾಪ್‌ಟಾಪ್ ಎಲ್ಲಾ ಸೇರಿ ಇಡೀ ಶಾಲೆಗೆ 2.7 ಯೂನಿಟ್. ಒಳ್ಳೆ ಬಿಸಿಲಿದ್ದರೆ 1 ಕಿಲೋವ್ಯಾಟ್ ಪ್ಯಾನೆಲ್ ಇಷ್ಟನ್ನು ಕೊಡುತ್ತದೆ, ಅದಕ್ಕೆ ಹಿಡಿಯುವ ಜಾಗ ಸುಮಾರು 5 ಚದರ ಮೀಟರ್. ಅದಕ್ಕೇ ನಾನು ಹೇಳುವುದು, ಪ್ಯಾನೆಲ್ ಕೊಳ್ಳುವ ಮೊದಲು ಫ್ಯಾನ್ ಬದಲಿಸಿ.

ಮೋಡ ಕವಿದರೆ? ದಟ್ಟ ಮೋಡದಲ್ಲಿ ಪ್ಯಾನೆಲ್ ಕಾಲುಭಾಗವನ್ನೂ ಕೊಡದೇ ಇರಬಹುದು. ನಾಲ್ಕು ದಿನಕ್ಕಾಗುವಷ್ಟು ಬ್ಯಾಟರಿ ಇಡಬಹುದು, ಆದರೆ ಅದು ವರ್ಷದ ಬಹುಪಾಲು ಸುಮ್ನೆ ಕೂತಿರುತ್ತದೆ. ಕೂತಲ್ಲೇ ಹಳೆಯದೂ ಆಗುತ್ತದೆ. ಹೈಬ್ರಿಡ್, ಅಂದರೆ ಸೋಲಾರ್ ಜೊತೆ ಕರೆಂಟಿನ ಇನ್ನೊಂದು ಮೂಲವನ್ನೂ ಸೇರಿಸಿದ ವ್ಯವಸ್ಥೆ, ಕೈಹಿಡಿಯುವುದು ಇಲ್ಲೇ. ಬ್ಯಾಟರಿ ಒಂದು ದಿನಕ್ಕಾಗುವಷ್ಟಿದ್ದರೆ ಸಾಕು. ಅದರ ಹಿಂದೆ ಚಿಕ್ಕ ಡೀಸೆಲ್ ಜನರೇಟರ್, ಗಾಳಿ ಚೆನ್ನಾಗಿ ಬೀಸುವ ಕಡೆ ಗಾಳಿಯಂತ್ರ. ಜನರೇಟರ್‌ಗೆ ಬರೀ ನಾಲ್ಕು ಬಲ್ಬು ಹಚ್ಚಿ ದಿನವಿಡೀ ಓಡಿಸಿದರೆ ಡೀಸೆಲ್ ದಂಡ, ಒಳಗೆ ಮಸಿಯೂ ಕಟ್ಟುತ್ತದೆ. ಒಂದೆರಡು ಗಂಟೆ ಪೂರ್ತಿ ಹೊರೆ ಕೊಟ್ಟು, ಬ್ಯಾಟರಿ ತುಂಬಿಸಿ, ನಿಲ್ಲಿಸಿಬಿಡಬೇಕು.

ಇಷ್ಟೆಲ್ಲಾ ಮಾಡಿದ ಮೇಲೂ ಮೊದಲು ಕೈಕೊಡುವುದು ಸಾಮಾನ್ಯವಾಗಿ ಬ್ಯಾಟರಿಯೇ. ಲೆಡ್ ಆಸಿಡ್ ಬ್ಯಾಟರಿಯನ್ನು ದಿನಾ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಆಯಸ್ಸು ಬೇಗ ಮುಗಿಯುತ್ತದೆ. ನೀರು ತುಂಬುವ ಬಗೆಯದಾದರೆ ಇನ್ನೊಂದು ಚಿಂತೆಯಿದೆ. ದೊಡ್ಡ ರಜೆಯಲ್ಲಿ ಶಾಲೆಗೆ ಬೀಗ ಬೀಳುತ್ತದೆ, ಬಿಸಿಲು ಮಾತ್ರ ರಜೆ ಹಾಕುವುದಿಲ್ಲ. ಚಾರ್ಜ್ ಆಗುತ್ತಾ ಆಗುತ್ತಾ ಒಳಗಿನ ನೀರು ಇಳಿಯುತ್ತದೆ. ಮುಚ್ಚಳ ತೆಗೆದು ನೋಡಿದರೆ ಪ್ಲೇಟುಗಳ ತುದಿ ನೀರಿನಿಂದ ಮೇಲೆದ್ದಿರುತ್ತದೆ. ಗಾಳಿಗೆ ತೆರೆದುಕೊಂಡ ಪ್ಲೇಟ್ ಹಾಳಾದ ಹಾಗೆಯೇ. ರಜೆಗೆ ಮುಂಚೆ ಡಿಸ್ಟಿಲ್ಡ್ ವಾಟರ್ ತುಂಬಲು, ನಡುವೆ ಒಮ್ಮೆ ಬಂದು ನೋಡಲು ಊರಿನವರೊಬ್ಬರಿಗೆ ಕಲಿಸಿಕೊಡಬೇಕು. ಆ ನೀರಿನ ದುಡ್ಡು, ಅವರ ಕೂಲಿ ಎರಡನ್ನೂ ಯೋಜನೆಯ ಲೆಕ್ಕದಲ್ಲೇ ಸೇರಿಸಿಡಬೇಕು.