ತಾನು ಸವೆದು ಕಬ್ಬಿಣ ಕಾಯುವ ಸತು

ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಂತಿರುತ್ತದೆ. ಆಗ ಕಾರವಾರದಲ್ಲೋ ತದಡಿಯಲ್ಲೋ ದಡಕ್ಕೇರಿಸಿದ ಕಬ್ಬಿಣದ ಬೋಟು ಕಂಡರೆ ಹಿಂಬದಿಗೆ ಹೋಗಿ ನೋಡಿ. ಚುಕ್ಕಾಣಿ, ಪ್ರೊಪೆಲ್ಲರ್ ಹತ್ತಿರ ಬೂದು ಬಣ್ಣದ ಲೋಹದ ಗಟ್ಟಿಗಳನ್ನು ಕೂರಿಸಿರುತ್ತಾರೆ. ಮೈಯೆಲ್ಲ ಗುಳಿ, ಮೇಲೆ ಬಿಳಿ ಹೊಪ್ಪಳೆ, ಅಂಚು ಕರಗಿ ಹೋಗಿರುತ್ತದೆ. ಅದು ಸತು. ಹಾಳಾಗಲಿ ಅಂತಲೇ ಅದನ್ನು ಅಲ್ಲಿ ಹಾಕಿರುವುದು.

ಕಬ್ಬಿಣದ ತಳ, ತಾಮ್ರ ಬೆರೆಸಿದ ಕಂಚಿನ ಪ್ರೊಪೆಲ್ಲರ್, ಸುತ್ತ ಉಪ್ಪುನೀರು. ಇಷ್ಟಾದರೆ ಬ್ಯಾಟರಿ ತಯಾರಾದ ಹಾಗೇ! ಎಲೆಕ್ಟ್ರಾನ್ ಸುಲಭವಾಗಿ ಬಿಟ್ಟುಕೊಡುವ ಲೋಹ ಕರಗುತ್ತದೆ, ಇನ್ನೊಂದು ಉಳಿಯುತ್ತದೆ. ಕಂಚಿನ ಎದುರು ಕಬ್ಬಿಣವೇ ಸೋಲಬೇಕು. ಆದರೆ ಸತು ಕಬ್ಬಿಣಕ್ಕಿಂತಲೂ ಸುಲಭವಾಗಿ ಎಲೆಕ್ಟ್ರಾನ್ ಬಿಡುತ್ತದೆ. ಹಾಗಾಗಿ ಪೆಟ್ಟು ಅದಕ್ಕೆ. ಅರ್ಧದಷ್ಟು ಸವೆದಾಗ ಬದಲಾಯಿಸಬೇಕು. ವರ್ಷವಿಡೀ ಸಮುದ್ರದಲ್ಲಿದ್ದೂ ಹೊಸದರಂತೆ ಉಳಿದಿದ್ದರೆ ಖುಷಿಪಡಬೇಡಿ: ಬೋಲ್ಟ್ ಸಂಪರ್ಕ ತಪ್ಪಿರಬೇಕು, ಇಲ್ಲವೇ ಯಾರೋ ಸತುವಿಗೂ ಬಣ್ಣ ಬಳಿದಿರಬೇಕು.

ಈ ಉಪಾಯ 1824ರಷ್ಟು ಹಳೆಯದು. ಆಗ ಬ್ರಿಟಿಷ್ ನೌಕಾಪಡೆಯ ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು, ಮರ ಕೊರೆಯುವ ಹುಳುಗಳ ಕಾಟಕ್ಕೆ. ಆ ತಾಮ್ರ ಸವೆಯುತ್ತಿತ್ತು. ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಅದಕ್ಕೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿದ. ಸವೆತ ನಿಂತೇಬಿಟ್ಟಿತು. ಆದರೆ ತಳಕ್ಕೆ ಪಾಚಿ, ಚಿಪ್ಪಿನ ಜೀವಿಗಳು ಮುತ್ತಿಕೊಂಡು ಹಡಗು ನಿಧಾನವಾದವು. ಚೂರು ಚೂರೇ ಕರಗುತ್ತಿದ್ದ ತಾಮ್ರವೇ ಅವುಗಳಿಗೆ ವಿಷವಾಗಿತ್ತು! ನೌಕಾಪಡೆ ಆ ಪ್ರಯೋಗ ಕೈಬಿಟ್ಟಿತು. ಡೇವಿಯ ಲೆಕ್ಕ ಸರಿಯೇ ಇತ್ತು, ಸಮುದ್ರದ ಜೀವಿಗಳು ಮಾತ್ರ ಆ ಲೆಕ್ಕದಲ್ಲಿ ಇರಲಿಲ್ಲ. ಇಂದಿಗೂ ಬೋಟಿನ ತಳಕ್ಕೆ ಬಳಿಯುವ ಬಣ್ಣಗಳಲ್ಲಿ ತಾಮ್ರದ ಆಕ್ಸೈಡ್ ಇರುವುದು ಇದೇ ಕಾರಣಕ್ಕೆ.

ಮನೆ ಮಾಡಿನ ಜಿಐ ಶೀಟಿಗೂ, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡಿಗೂ, ಸತುವೇ ಕಾವಲು. ಸಣ್ಣ ಗೀರು ಬಿದ್ದರೂ ಪಕ್ಕದ ಸತು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ತವರ ಲೇಪಿಸಿದ ಡಬ್ಬಿಯಲ್ಲಿ ತಿರುಗುಮುರುಗು. ಗೀರು ಬಿದ್ದ ಕಡೆ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ.

ಸ್ಟೇನ್‌ಲೆಸ್ ಸ್ಟೀಲಿನ ದಾರಿ ಬೇರೆ. ಅದರಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ತೆಳು ಪದರ ಕಟ್ಟುತ್ತದೆ. ಗೀಚಿದರೂ ಪದರ ತಾನಾಗಿ ಕೂಡಿಕೊಳ್ಳುತ್ತದೆ. ಉಪ್ಪಿನ ಕ್ಲೋರೈಡ್ ಮಾತ್ರ ಇದನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಕಡಲ ಪಕ್ಕದ ಮನೆಗಳ ರೇಲಿಂಗ್ ಮೇಲೆ ಕಂದು ಚುಕ್ಕೆ ಮೂಡುತ್ತದಲ್ವಾ, ಅದು ಹೀಗೇ. ಅಂಗಡಿಯಲ್ಲಿ ಸುಮ್ನೆ ಎಸ್‌ಎಸ್ ಅಂದರೆ ಹೆಚ್ಚಾಗಿ ಸಿಗುವುದು 304 ಎಂಬ ದರ್ಜೆಯದು. ನಮ್ಮ ಕರಾವಳಿಗೆ 2ರಿಂದ 3 ಶೇಕಡಾ ಮಾಲಿಬ್ಡಿನಂ ಎಂಬ ಲೋಹ ಇರುವ 316 ಕೇಳಿ ತರಬೇಕು. ಬೆಲೆ ಜಾಸ್ತಿ, ಆದರೆ ಕ್ಲೋರೈಡಿನ ಎದುರು ಹೆಚ್ಚು ಬಾಳುತ್ತದೆ. ಅದನ್ನೂ ಆಗಾಗ ಸಿಹಿನೀರಿನಲ್ಲಿ ತೊಳೆಯಿರಿ, ಮುಖ್ಯವಾಗಿ ಮಳೆ ತಾಗದ ಸೂರಿನ ಕೆಳಗಿನ ಭಾಗವನ್ನು. ಉಪ್ಪು ಅಲ್ಲೇ ಕೂತಿರುತ್ತದೆ.